ಹಳ್ಳಿಯ ದಾರಿಗೆ ತಕ್ಕ ಮೂರು ಗಾಲಿಯ ಮಗುವಿನ ಗಾಡಿ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ತೊಟ್ಟಿಲು, ಹಾಸಿಗೆ, ಬಟ್ಟೆಬರೆಗಳ ಚಿಂತೆ ಮೊದಲಾಗುವುದು ನಮ್ಮಲ್ಲಿ ವಾಡಿಕೆ. ಈಗಿನ ಕಾಲದಲ್ಲಿ ಇವುಗಳೊಡನೆ ಇನ್ನೊಂದು ವಸ್ತುವೂ ಸೇರಿಕೊಂಡಿರುವುದು. ಅದು ಮಗುವನ್ನು ಕುಳ್ಳಿರಿಸಿ ತಳ್ಳಿಕೊಂಡು ಹೋಗುವ ಗಾಡಿ. ಅಂಗಡಿಯವರು ಇದನ್ನು ಪ್ರಾಮ್ ಎಂದೂ ಸ್ಟ್ರೋಲರ್ ಎಂದೂ ಕರೆಯುವರು. ನಾವು ಈ ಲೇಖನದಲ್ಲಿ ಮಗುವಿನ ಗಾಡಿಯೆಂದೇ ಹೇಳುವೆವು. ಪಟ್ಟಣದ ನುಣುಪಾದ ನೆಲಕ್ಕೆಂದು ಮಾಡಿದ ನಾಲ್ಕು ಪುಟ್ಟ ಗಾಲಿಗಳ ಗಾಡಿಯನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಿಗೆ ತಂದವರ ಪಾಡು ಬಹುಮಟ್ಟಿಗೆ ಒಂದೇ ತೆರ. ಮನೆಯ ಜಗಲಿಯ ಮೇಲೆ ಅದು ಸೊಗಸಾಗಿ ಓಡುವುದು. ಬೀದಿಗೆ ಇಳಿಸಿದೊಡನೆಯೆ ಜಲ್ಲಿಕಲ್ಲಿಗೆ ತಡೆದು ನಿಲ್ಲುವುದು. ಮಳೆಗಾಲ ಬಂದರೆ ಅಟ್ಟವನ್ನು ಸೇರುವುದು. ಹಲವು ಸಾವಿರ ರೂಪಾಯಿಗಳ ಪದಾರ್ಥವು ಹೀಗೆ ನಿರುಪಯುಕ್ತವಾಗುವುದು ಯಾವ ಗೃಹಸ್ಥನಿಗೂ ಹಿತವಾದ ಸಂಗತಿಯಲ್ಲ.

ಇದಕ್ಕೆ ಪರಿಹಾರವಾಗಿ ದೊಡ್ಡ ಗಾಲಿಗಳುಳ್ಳ ಮೂರು ಗಾಲಿಯ ಗಾಡಿಯೊಂದು ಈಗ ಪೇಟೆಗೆ ಬಂದಿದೆ. ಮುಂದೆ ಒಂದು ಗಾಲಿ, ಹಿಂದೆ ಎರಡು. ಒರಟು ನೆಲಕ್ಕೆ ಇದೇ ಲೇಸೆಂದು ಮಾರುವವರು ಹೇಳುವರು. ಆ ಮಾತು ಎಷ್ಟರ ಮಟ್ಟಿಗೆ ನಿಜ, ಯಾವ ದಾರಿಗೆ ನಿಜ, ಯಾವ ಮಗುವಿಗೆ ನಿಜ ಎಂಬುದನ್ನು ವಿಚಾರಮಾಡಿಯೇ ಹಣ ಕೊಡತಕ್ಕದ್ದು. ಮೊದಲು ಮಗುವಿನ ಕತ್ತನ್ನು ನೋಡಬೇಕು, ಆಮೇಲೆ ದಾರಿಯನ್ನು ನೋಡಬೇಕು, ಕಡೆಗೆ ಗಾಡಿಯನ್ನು ನೋಡಬೇಕು ಎಂಬುದೇ ಈ ವಿಷಯದಲ್ಲಿ ನಮ್ಮ ಅಭಿಪ್ರಾಯ. ಅನೇಕರು ಇದನ್ನು ತಿರುಗುಮುರುಗಾಗಿ ಮಾಡುವುದರಿಂದಲೇ ತೊಂದರೆಗೆ ಗುರಿಯಾಗುವರು.

ಮೂರು ಗಾಲಿಯ ಗುಣವೇನು?

ಮೂರು ಗಾಲಿಯು ನಮಗೆ ಹೊಸದಲ್ಲ. ನಡೆಯಲು ಕಲಿಯುವ ಕೂಸು ನಿಂತು ತಳ್ಳುವ ಮರದ ಮೂರು ಗಾಲಿಯ ನಡೆಬಂಡಿಯನ್ನು ನಮ್ಮ ಹಿರಿಯರು ಜಾತ್ರೆಗಳಿಂದ ತರುತ್ತಿದ್ದರು. ಚನ್ನಪಟ್ಟಣದ ಅರಗು ಬಳಿದ ಗೊಂಬೆಗಳ ಸಾಲಿನಲ್ಲಿ ಅದನ್ನು ಇಂದಿಗೂ ಕಾಣಬಹುದು. ಹೊಲದಲ್ಲಿ ಅಡಿಗೆ ಮಾಡುವವರು ಒಲೆಗೆ ಮೂರೇ ಗುಂಡುಗಳನ್ನು ಇಡುವುದೇಕೆಂಬುದನ್ನು ಎಲ್ಲರೂ ಬಲ್ಲರು. ನೆಲವು ಎಷ್ಟೇ ಏರುಪೇರಾಗಿರಲಿ, ಮೂರು ಗುಂಡುಗಳ ಮೇಲೆ ಇಟ್ಟ ಪಾತ್ರೆಯು ಕುಪ್ಪಳಿಸದೆ ಕೂರುವುದು. ನಾಲ್ಕನೆಯ ಗುಂಡನ್ನು ಇಟ್ಟರೆ ಒಂದಲ್ಲ ಒಂದು ಸಡಿಲವಾಗಿ ಪಾತ್ರೆ ಅಲುಗುವುದು. ಮೂರು ಗಾಲಿಯ ಗಾಡಿಯೂ ಹಾಗೆಯೆ. ತಗ್ಗುದಿಣ್ಣೆಯ ನೆಲದಲ್ಲಿ ಅದರ ಮೂರು ಗಾಲಿಗಳೂ ಒಟ್ಟಿಗೆ ನೆಲವನ್ನು ಮುಟ್ಟಿರುವುವು. ನಾಲ್ಕು ಗಾಲಿಯ ಗಟ್ಟಿ ಚೌಕಟ್ಟಿನಲ್ಲಾದರೊ ಒಂದು ಗಾಲಿ ಗಾಳಿಯಲ್ಲಿ ತೇಲಿ ಗಾಡಿ ನಡುಗುವುದು.

ಗುಣದ ಜೊತೆಗೆ ದೋಷವೂ ಉಂಟು. ಮೂರು ಗಾಲಿಯ ಬುಡವು ತ್ರಿಕೋಣವಾದುದರಿಂದ ಮುಂಭಾಗವು ಕಿರಿದು. ಇಳಿಜಾರಿನಲ್ಲಿ ಅಡ್ಡಲಾಗಿ ತಳ್ಳಿದಾಗ, ಇಲ್ಲವೆ ಓಡುತ್ತ ಥಟ್ಟನೆ ತಿರುಗಿಸಿದಾಗ, ಅದು ಮುಂಗಾಲಿಗೂ ಒಂದು ಹಿಂಗಾಲಿಗೂ ನಡುವಣ ಓರೆಗೆರೆಯ ಮೇಲೆ ಮಗ್ಗುಲಿಗೆ ಮಗುಚಬಲ್ಲದು. ಆದಕಾರಣ ಆಸನವು ನೆಲಕ್ಕೆ ಹತ್ತಿರವಾಗಿಯೂ ಹಿಂಗಾಲಿಗಳು ಒಂದಕ್ಕೊಂದು ದೂರವಾಗಿಯೂ ಇರುವ ಗಾಡಿಯೇ ಮೇಲು. ಆದರೆ ಹಿಂಭಾಗ ಅಗಲವಾದಷ್ಟೂ ಬಾಗಿಲಲ್ಲಿ ನುಗ್ಗುವುದು ಕಷ್ಟ. ಹಳೆಯ ತೊಟ್ಟಿಮನೆಗಳ ಬಾಗಿಲುಗಳು ಕಿರಿದಾಗಿರುವುದೂ ಉಂಟು. ಅಂಗಡಿಗೆ ಹೋಗುವ ಮುನ್ನ ಮನೆಯ ತಲೆಬಾಗಿಲ ಅಗಲವನ್ನು ದಾರದಿಂದ ಅಳೆದುಕೊಂಡು ಆ ದಾರವನ್ನು ಜೊತೆಯಲ್ಲಿ ಒಯ್ಯುವುದು ಜಾಣತನ.

ಗಾಲಿಯ ವಿಚಾರ

ಒರಟು ದಾರಿಯಲ್ಲಿ ಗಾಲಿಗಳ ಸಂಖ್ಯೆಗಿಂತಲೂ ಅವುಗಳ ಎತ್ತರವೇ ಹೆಚ್ಚು ಮುಖ್ಯವೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಎತ್ತಿನ ಗಾಡಿಗಳ ಮರದ ಚಕ್ರವನ್ನು ಅಷ್ಟು ಎತ್ತರವಾಗಿ ಮಾಡುತ್ತಿದ್ದುದು ಅಲಂಕಾರಕ್ಕಾಗಿ ಅಲ್ಲ. ಸಣ್ಣ ಗಾಲಿಯು ಕಲ್ಲಿಗೆ ಡಿಕ್ಕಿ ಹೊಡೆಯುವುದು. ದೊಡ್ಡ ಗಾಲಿಯು ಅದೇ ಕಲ್ಲನ್ನು ಹತ್ತಿ ಇಳಿಯುವುದು. ಲೆಕ್ಕವನ್ನೇ ಹೇಳುವುದಾದರೆ ಹೀಗೆ: ಒಂದು ಗಾಲಿಯ ಮೇಲೆ 5 ಕಿಲೋ ಭಾರ ಬಿದ್ದಿದೆಯೆಂದು ಭಾವಿಸೋಣ. ಎದುರಿಗೆ 3 ಸೆಂಟಿಮೀಟರ್ ಎತ್ತರದ ಜಲ್ಲಿಕಲ್ಲು. ಗಾಲಿಯ ಅಡ್ಡಳತೆ 15 ಸೆಂಟಿಮೀಟರ್ ಆಗಿದ್ದರೆ ಅದನ್ನು ಕಲ್ಲಿನ ಮೇಲೆ ಹತ್ತಿಸಲು ಅಚ್ಚಿನ ಮಟ್ಟದಲ್ಲಿ ಸುಮಾರು 6.7 ಕಿಲೋ ತೂಕಕ್ಕೆ ಸಮನಾದ ಬಲದಿಂದ ತಳ್ಳಬೇಕು. ಅಡ್ಡಳತೆ 30 ಸೆಂಟಿಮೀಟರ್ ಆಗಿದ್ದರೆ 3.75 ಕಿಲೋವಿನಷ್ಟು ಬಲ ಸಾಕು. ಬಲವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಕಲ್ಲಿನ ಎತ್ತರವು ಗಾಲಿಯ ಅಡ್ಡಳತೆಯ ಅರ್ಧದಷ್ಟಾದರೆ, ಮುಂದಕ್ಕೆ ಎಷ್ಟು ತಳ್ಳಿದರೂ ಗಾಲಿ ಅದನ್ನು ಏರಲಾರದು, ಎತ್ತಿಯೇ ದಾಟಿಸಬೇಕು. ಆದುದರಿಂದ ನಮ್ಮ ಹಳ್ಳಿಯ ದಾರಿಗಳಿಗೆ ಹಿಂಗಾಲಿಗಳು 30 ಸೆಂಟಿಮೀಟರಿಗೆ, ಎಂದರೆ 12 ಅಂಗುಲಕ್ಕೆ, ಕಡಮೆಯಾಗಬಾರದೆಂಬುದು ನಮ್ಮ ಸಲಹೆ.

ಟೈರಿನಲ್ಲಿ ಎರಡು ಬಗೆ. ಗಾಳಿ ತುಂಬಿದುದು ಒಂದು. ಒಳಗೆ ರಬ್ಬರು ಅಥವಾ ನೊರೆಯಂಥ ವಸ್ತುವನ್ನು ತುಂಬಿದ ಗಟ್ಟಿ ಟೈರು ಇನ್ನೊಂದು. ಗಾಳಿಯ ಟೈರಿನ ಚರಿತ್ರೆಯು ಈ ಪ್ರಸಂಗಕ್ಕೆ ಬಹಳ ಒಪ್ಪುವಂತಿದೆ. ಐರ್ಲೆಂಡಿನ ಬೆಲ್ಫಾಸ್ಟ್ ನಗರದಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬವರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲು ಒರಟು ನೆಲದಲ್ಲಿ ಕುಲುಕದೆ ಓಡಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದರು. 1888ರಲ್ಲಿ ಅದಕ್ಕೆ ಪೇಟೆಂಟು ಪಡೆದರು. ಅವರಿಗಿಂತ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಎಂಬವರು ಇದೇ ಯೋಚನೆಗೆ ಪೇಟೆಂಟು ಪಡೆದಿದ್ದರೂ ಅದು ಬಳಕೆಗೆ ಬಂದಿರಲಿಲ್ಲ. ಇಂದು ಲೋಕದ ಮೋಟಾರುಗಳೂ ನಮ್ಮ ಊರಿನ ಟೈರು ಗಾಡಿಗಳೂ ಓಡುತ್ತಿರುವ ಗಾಳಿಯ ಟೈರು ಹೀಗೆ ಒಂದು ಮಗುವಿನ ಸುಖಕ್ಕಾಗಿ ಬಳಕೆಗೆ ಬಂದುದು.

ಗಾಳಿಯ ಟೈರು ಕುಲುಕಾಟವನ್ನು ನುಂಗುವುದು ನಿಜ. ಆದರೆ ಜಾಲಿಮುಳ್ಳು, ನೆಗ್ಗಿಲುಮುಳ್ಳುಗಳಿಗೆ ಅದು ಸುಲಭದ ತುತ್ತು. ಬೇಲಿಯ ಅಂಚಿನ ದಾರಿಯಲ್ಲಿ ದಿನವೂ ಓಡಾಡುವವರು ಇದನ್ನು ಎಣಿಕೆಗೆ ತಂದುಕೊಳ್ಳಲೇಬೇಕು. ಇಲ್ಲೊಂದು ಅನುಕೂಲವುಂಟು. ಈ ಗಾಡಿಗಳಲ್ಲಿ ಹಲವಕ್ಕೆ ಮಕ್ಕಳ ಸೈಕಲ್ಲಿನ 12 ಅಂಗುಲದ ಟ್ಯೂಬೇ ಹೊಂದುವುದು. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಅಳತೆಯನ್ನು ಬರೆದುಕೊಂಡು, ನಿಮ್ಮ ಊರಿಗೆ ಹತ್ತಿರದ ಸೈಕಲ್ ಅಂಗಡಿಯಲ್ಲಿ ಆ ಟ್ಯೂಬು ದೊರೆಯುವುದೆ ಎಂದು ಕೇಳಿಕೊಂಡ ಮೇಲೆಯೇ ಗಾಡಿಯನ್ನು ಕೊಳ್ಳಿರಿ. ದೊರೆಯುವುದಾದರೆ ಗಾಳಿಯ ಟೈರೇ ಮೇಲು. ದೊರೆಯದಿದ್ದರೆ ಗಟ್ಟಿ ಟೈರಿನ ಜೊತೆಗೆ ಹಿಂದೆ ಸ್ಪ್ರಿಂಗುಗಳುಳ್ಳ ಗಾಡಿಯನ್ನು ಆರಿಸಿಕೊಳ್ಳುವುದು ಲೇಸು.

ಮುಂಗಾಲಿಯಲ್ಲಿಯೂ ಭೇದಗಳಿವೆ. ನೇರವಾಗಿ ಮಾತ್ರ ಓಡುವ ಗಾಲಿಯು ಒರಟು ನೆಲದಲ್ಲಿ ದಾರಿ ತಪ್ಪದು. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಹಿಡಿಯನ್ನು ಒತ್ತಿ ಮುಂಭಾಗವನ್ನು ಎತ್ತಬೇಕು. ಸುತ್ತಲೂ ತಿರುಗುವ ಗಾಲಿಯು ಸಂತೆಯ ನೂಕುನುಗ್ಗಲಿನಲ್ಲಿ ಸುಲಭ. ಆದರೆ ಕಲ್ಲಿಗೆ ತಾಗಿದಾಗ ಅಡ್ಡ ತಿರುಗಿ ಗಾಡಿಯನ್ನು ಥಟ್ಟನೆ ನಿಲ್ಲಿಸಿಬಿಡುವುದು. ಬೇಕಾದಾಗ ತಿರುಗುವಂತೆಯೂ ಬೇಡವಾದಾಗ ಕೀಲು ಹಾಕಿ ನೇರವಾಗಿ ನಿಲ್ಲಿಸುವಂತೆಯೂ ಇರುವ ಮುಂಗಾಲಿಯೇ ನಮಗೆ ತಕ್ಕುದು. ಮಣ್ಣುದಾರಿಗೆ ಇಳಿಯುವ ಮುನ್ನ ಕೀಲು ಹಾಕುವುದನ್ನು ಮರೆಯಬಾರದು.

ನಾಲ್ಕು ತಾಲ್ಲೂಕು, ನಾನಾ ದಾರಿ

ಹಿಂದೆ ಎಡತೊರೆಯೆನಿಸಿಕೊಂಡಿದ್ದ ಕೃಷ್ಣರಾಜನಗರದ ಸೀಮೆಯು ಕಾವೇರಿಯ ನಾಲೆಗಳ ನೀರುಂಡ ಬತ್ತದ ಬಯಲು. ಇಲ್ಲಿ ನೆಲವು ಬಹುಮಟ್ಟಿಗೆ ಸಮ. ಹತ್ತುವ ಇಳಿಯುವ ಕಷ್ಟ ಕಡಮೆ. ಕಷ್ಟವಿರುವುದು ಗದ್ದೆಯ ಜೇಡಿನಲ್ಲಿ. ಟೈರಿಗೂ ಅದರ ಮೇಲಣ ಕವಚಕ್ಕೂ ನಡುವೆ ಕೈಬೆರಳು ಸಲೀಸಾಗಿ ಆಡುವಷ್ಟು ತೆರವು ಇಲ್ಲದಿದ್ದರೆ ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ತುಂಬಿ ಗಾಲಿ ಸಿಕ್ಕಿಕೊಳ್ಳುವುದು. ಅದಕ್ಕಿಂತಲೂ ಹೆಚ್ಚಿನ ಭಯ ನಾಲೆಯ ಏರಿಯದು. ಏರಿಯ ಮೇಲೆ ಗಾಡಿಯನ್ನು ನಿಲ್ಲಿಸಿ ಬಟ್ಟೆ ಒಗೆಯಲು ಇಳಿಯುವುದಾಗಲಿ, ನೆರೆಯವರೊಡನೆ ಮಾತಿಗೆ ನಿಲ್ಲುವುದಾಗಲಿ ಎಂದಿಗೂ ಕೂಡದು. ಮಗುವನ್ನು ಪಟ್ಟಿಯಿಂದ ಬಿಗಿದಿರುವ ಗಾಡಿಯು ನೀರಿಗೆ ಉರುಳಿದರೆ ಆ ಪಟ್ಟಿಯೇ ಮೃತ್ಯುಪಾಶವಾಗುವುದು. ಏರಿಯ ಮೇಲೆ ಹೋಗಲೇಬೇಕಾದರೆ ಹಿಡಿಗೆ ಕಟ್ಟಿದ ಕೈಪಟ್ಟಿಯನ್ನು ಮಣಿಕಟ್ಟಿಗೆ ತೊಟ್ಟುಕೊಂಡೇ ನಡೆಯತಕ್ಕದ್ದು. ನಿಲ್ಲಬೇಕಾದರೆ ಮಗುವನ್ನು ಎತ್ತಿಕೊಂಡು ನಿಲ್ಲತಕ್ಕದ್ದು.

ಲಕ್ಷ್ಮಣತೀರ್ಥದ ದಡದ ಹುಣಸೂರು, ಕೊಡಗಿನ ಕಡೆಗೆ ಒತ್ತಿಕೊಂಡಿರುವ ಪಿರಿಯಾಪಟ್ಟಣಗಳಲ್ಲಿ ಕೆಮ್ಮಣ್ಣಿನ ಹೊಲಗಳು ಹೆಚ್ಚು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ನುಣುಪಾಗಿದ್ದರೂ ಅದನ್ನು ಬಿಟ್ಟು ಊರೊಳಕ್ಕೆ ತಿರುಗಿದರೆ ಟ್ರಾಕ್ಟರುಗಳು ಕೊರೆದ ಜಾಡುಗಳು. ಮಳೆಯಲ್ಲಿ ಇವು ಕೊರಕಲಾಗಿ ಬಿಸಿಲಿನಲ್ಲಿ ಕಲ್ಲಿನಂತೆ ಗಟ್ಟಿಯಾಗುವುವು. ಗಾಲಿಯು ಜಾಡಿಗೆ ಇಳಿದಾಗ ಗಾಡಿಯ ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರವಿರಬೇಕು. ಈ ಸೀಮೆಯ ಮುಖ್ಯವಾದ ಬೆಳೆ ಹೊಗೆಸೊಪ್ಪು. ಹಸಿಯ ಹೊಗೆಸೊಪ್ಪಿನ ರಸದಲ್ಲಿರುವ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕವೇ ಮೈಗೆ ಸೇರಬಲ್ಲದು. ಒದ್ದೆ ಎಲೆಗಳನ್ನು ಮುರಿಯುವ ಆಳುಗಳಿಗೆ ತಲೆಸುತ್ತು, ವಾಂತಿಗಳಾಗುವುದು ಇದರಿಂದಲೇ. ಗಾಡಿ ಖಾಲಿಯಿದೆಯೆಂದು ಅದರಲ್ಲಿ ಸೊಪ್ಪಿನ ಹೊರೆಯನ್ನಾಗಲಿ, ಗೊಬ್ಬರ ಔಷಧಿಗಳ ಚೀಲವನ್ನಾಗಲಿ ಸಾಗಿಸುವ ಅಭ್ಯಾಸವನ್ನು ಮನೆಯವರು ಕಟ್ಟುನಿಟ್ಟಾಗಿ ತಡೆಯಬೇಕು. ಸೊಪ್ಪು ಮುರಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಹಿಡಿಯನ್ನು ಮುಟ್ಟುವುದೂ ಒಳ್ಳೆಯದಲ್ಲ.

ಹೆಗ್ಗಡದೇವನಕೋಟೆಯ ಕಡೆಗೆ ಬಂದರೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಜಲಾಶಯಗಳ ನಾಡು. ನಾಗರಹೊಳೆ, ಬಂಡೀಪುರ ಕಾಡುಗಳ ಅಂಚು. ಇಲ್ಲಿಯ ಹಾಡಿಗಳಿಗೆ ಹೋಗುವ ದಾರಿಗಳಲ್ಲಿ ಏರಿಳಿತ ಹೆಚ್ಚು. ಕಾಲಿನಿಂದ ಅದುಮುವ ಬ್ರೇಕು ಗಾಡಿಯನ್ನು ನಿಲ್ಲಿಸಿಡಲು ಮಾತ್ರ ಒದಗುವುದು. ಇಳಿಜಾರಿನಲ್ಲಿ ಓಟವನ್ನು ಹಿಡಿತದಲ್ಲಿಡಲು ಸೈಕಲ್ಲಿನಂತೆ ಕೈಬ್ರೇಕು ಇರುವ ಗಾಡಿಯೇ ಬೇಕು. ಕಾಡಂಚಿನ ದಾರಿಗಳಲ್ಲಿ ಸಂಜೆ ಮುಂಜಾನೆಗಳಲ್ಲಿ ಆನೆಗಳು ಅಡ್ಡ ಬರುವುದುಂಟು. ಅಂಥ ಹೊತ್ತಿನಲ್ಲಿ, ಅಂಥ ದಾರಿಯಲ್ಲಿ, ಯಾವ ಗಾಡಿಯೂ ಸಲ್ಲದು. ಬಟ್ಟೆಯಲ್ಲಿ ಮೈಗೆ ಬಿಗಿದುಕೊಂಡ ಮಗುವಿನೊಡನೆ ತಾಯಿ ಹಿಂದಕ್ಕೆ ತಿರುಗಬಲ್ಲಳು. ಗಾಡಿಯನ್ನು ತಿರುಗಿಸಲು ವೇಳೆಯಿರದು. ಬೈಲುಕುಪ್ಪೆಯ ಟಿಬೆಟ್ ಜನರಲ್ಲಿಯೂ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ವಾಡಿಕೆಯಿದೆ. ಗಾಡಿ ಬಂದಿತೆಂದು ಇಂಥ ಹಳೆಯ ಪದ್ಧತಿಗಳನ್ನು ಹೀನೈಸುವುದು ಅವಿವೇಕ.

ಮಗುವಿನ ವಯಸ್ಸು

ಕೂಸಿಗೆ ಕತ್ತು ನಿಲ್ಲುವ ಮೊದಲು ಅದನ್ನು ಕುಳ್ಳಿರಿಸುವ ಆಸನದಲ್ಲಿ ಇಡುವುದು ಅಪಾಯಕರ. ತಲೆ ಮುಂದಕ್ಕೆ ಬಾಗಿ ಗದ್ದವು ಎದೆಗೆ ತಾಗಿದರೆ ಎಳೆಯ ಶಿಶುವಿನ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಅಳುವ ಶಬ್ದವೂ ಬಾರದ ಕಾರಣ ತಳ್ಳುವವರಿಗೆ ತಿಳಿಯುವುದೇ ಇಲ್ಲ. ಆದುದರಿಂದ 6 ತಿಂಗಳು ತುಂಬುವವರೆಗೆ ಬೆನ್ನು ಚಪ್ಪಟೆಯಾಗಿ ಮಲಗಿಸುವಂಥ ಗಾಡಿಯೇ ಆಗಬೇಕು. ಅದು ಕೂಡ ನುಣುಪಾದ ದಾರಿಯಲ್ಲಿ ಮಾತ್ರ. 6 ತಿಂಗಳಾದ ಮೇಲೂ ಮಗು ಆಧಾರವಿಲ್ಲದೆ ಕುಳಿತು ತಲೆಯನ್ನು ಸ್ಥಿರವಾಗಿ ಹಿಡಿಯುವ ತನಕ ಕಲ್ಲುದಾರಿಗೆ ಇಳಿಸಬಾರದು. ಸಂಶಯವಿದ್ದರೆ ಚುಚ್ಚುಮದ್ದಿಗೆ ಹೋದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿರಿ. ಮೂರು ಗಾಲಿಯ ಗಾಡಿಯನ್ನು ತಳ್ಳುತ್ತ ಓಡುವ ಪದ್ಧತಿಯು ಅಮೆರಿಕದಲ್ಲಿ 1984ರ ಸುಮಾರಿಗೆ ಬಳಕೆಗೆ ಬಂದುದು. ಯಾಕಿಮಾ ಎಂಬ ಊರಿನ ಪತ್ರಿಕೋದ್ಯೋಗಿ ಫಿಲ್ ಬೇಚ್ಲರ್ ಎಂಬವರು ಮಗುವಿನ ಗಾಡಿಗೆ ಸೈಕಲ್ಲಿನ ಗಾಲಿಗಳನ್ನು ಜೋಡಿಸಿ ಇದನ್ನು ಆರಂಭಿಸಿದರು. ನಮ್ಮ ದಾರಿಗಳಲ್ಲಿ ನಡೆಯುವುದೇ ಸಾಕು, ಓಡುವ ಅಗತ್ಯವಿಲ್ಲ.

ಬಿಸಿಲಿಗೆ ಹೆದರಿ ಗಾಡಿಯ ಮೇಲೆ ದಪ್ಪ ಬಟ್ಟೆ ಹೊದಿಸುವವರುಂಟು. ಒಳಗೆ ಗಾಳಿಯಾಡದೆ ಹೊರಗಿಗಿಂತಲೂ ಹೆಚ್ಚು ಶಾಖವಾಗುವುದು. ಗಾಡಿಯದೇ ಮೇಲ್ಕಟ್ಟನ್ನು ಬಿಚ್ಚಿಕೊಂಡು ಎರಡು ಮಗ್ಗುಲನ್ನೂ ತೆರೆದಿಡುವುದು ಸರಿ.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆಗಳು

ಅಂಗಡಿಗೆ 10 ಕಿಲೋ ಅಕ್ಕಿಯ ಚೀಲವೊಂದನ್ನು ಒಯ್ಯಿರಿ. ಮಾರುವವನು ನಕ್ಕರೆ ನಗಲಿ. ಚೀಲವನ್ನು ಆಸನದಲ್ಲಿ ಇಟ್ಟು ಪಟ್ಟಿಯಿಂದ ಬಿಗಿದು, ಗಾಡಿಯನ್ನು ಅಂಗಡಿಯ ಹೊಳಪು ನೆಲದಿಂದ ಹೊರಗೆ ತಂದು ಜಲ್ಲಿಯಿರುವ ಕಡೆ ತಳ್ಳಿ ನೋಡಿರಿ. ಒಂದೇ ಕೈಯಲ್ಲಿ ನೇರವಾಗಿ ಹೋಗುವುದೆ? ಇಳಿಜಾರಿನಲ್ಲಿ ಬ್ರೇಕು ಹಾಕಿದರೆ ಅಲ್ಲಾಡದೆ ನಿಲ್ಲುವುದೆ? ಒಂದು ಅದುಮಿಗೆ ಎರಡು ಹಿಂಗಾಲಿಗಳೂ ಹಿಡಿಯುವುವೆ? ಹಿಡಿಗೆ ಕೈಚೀಲವನ್ನು ತೂಗುಹಾಕಿದರೆ ಗಾಡಿ ಹಿಂದಕ್ಕೆ ಮಗುಚುವುದೆ? ಮಗುಚುವ ಗಾಡಿಯಾದರೆ ಸಾಮಾನನ್ನು ಆಸನದ ಕೆಳಗಣ ಬುಟ್ಟಿಯಲ್ಲಿ ಮಾತ್ರ ಇಡತಕ್ಕದ್ದು. ಹಿಡಿಯು ತಳ್ಳುವವರ ಹೊಕ್ಕುಳಿನ ಮಟ್ಟಕ್ಕೆ ಇರಬೇಕು. ಮನೆಯಲ್ಲಿ ತಳ್ಳುವವರು ಅಜ್ಜಿಯಾಗಿದ್ದರೆ ಅಜ್ಜಿಯನ್ನೇ ಕರೆದೊಯ್ಯಿರಿ. ನಡೆಯುವಾಗ ಕಾಲು ಹಿಂದಿನ ಅಚ್ಚಿಗೆ ತಾಗಬಾರದು. ಸೀರೆಯ ನೆರಿಗೆ ಗಾಲಿಗೆ ಸಿಕ್ಕಬಾರದು. ಮಗುವನ್ನು ಬಿಗಿಯುವ ಪಟ್ಟಿಯು ಎರಡು ಭುಜ, ಸೊಂಟದ ಎರಡು ಮಗ್ಗುಲು, ಕಾಲುಗಳ ನಡು ಹೀಗೆ ಐದು ಕಡೆ ಹಿಡಿಯುವಂತಿರಬೇಕು. ಸೊಂಟಕ್ಕೆ ಮಾತ್ರ ಬಿಗಿದರೆ ಸಾಲದು. ಯುರೋಪಿನ ಇ.ಎನ್. 1888 ಅಥವಾ ಅಮೆರಿಕದ ಎ.ಎಸ್.ಟಿ.ಎಂ. ಎಫ್ 833 ಎಂಬ ಪ್ರಮಾಣದ ಗುರುತು ಇದ್ದರೆ ಗಾಡಿಯನ್ನು ಪರೀಕ್ಷೆಮಾಡಿ ಮಾರುಕಟ್ಟೆಗೆ ಬಿಟ್ಟಿದ್ದಾರೆಂದು ತಿಳಿಯಬಹುದು.

ಎರಡು ಕೀಲುಗಳನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದು ಮಡಿಚುವ ಕೀಲು. 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮ್ಯಾಕ್ಲಾರೆನ್ ಕಂಪನಿಯ ಸುಮಾರು 10 ಲಕ್ಷ ಮಡಿಚುವ ಗಾಡಿಗಳ ಕೀಲುಗಳಿಗೆ ಮುಚ್ಚಳ ಒದಗಿಸಬೇಕಾಯಿತು. ಗಾಡಿಯನ್ನು ಬಿಚ್ಚುವಾಗ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿಗಳು ತುಂಡಾದುದೇ ಕಾರಣ. ಮಗು ದೂರದಲ್ಲಿರುವಾಗಲೇ ಗಾಡಿಯನ್ನು ಬಿಚ್ಚಬೇಕು, ಮಡಿಚಬೇಕು. ಎರಡನೆಯದು ಮುಂಗಾಲಿಯ ಕೀಲು. ಸೈಕಲ್ಲಿನಂತೆ ಮುಂಗಾಲಿಯನ್ನು ಒಂದು ಸನ್ನೆಯಿಂದ ಕಳಚುವ ಏರ್ಪಾಡು ಮೂರು ಗಾಲಿಯ ಹಲವು ಗಾಡಿಗಳಲ್ಲಿ ಉಂಟು. ಈ ಸನ್ನೆ ಸರಿಯಾಗಿ ಬಿಗಿಯದೆ ಓಟದ ನಡುವೆ ಮುಂಗಾಲಿ ಕಳಚಿ ಗಾಡಿ ಥಟ್ಟನೆ ನಿಂತು ಮಗುಚಿದ ಸುಮಾರು 200 ದೂರುಗಳು ಬಂದಿವೆಯೆಂದು ಅಮೆರಿಕದ ಗ್ರಾಹಕ ವಸ್ತುಗಳ ಸುರಕ್ಷಾ ಆಯೋಗವು 2018ರ ಫೆಬ್ರವರಿಯಲ್ಲಿ ಬ್ರಿಟ್ಯಾಕ್ಸ್ ಕಂಪನಿಯ ಮೇಲೆ ವ್ಯವಹರಣೆ ಹೂಡಿತು. ಅದೇ ವರ್ಷ ನವೆಂಬರಿನಲ್ಲಿ ರಾಜಿಯಾಯಿತು. ಗಾಲಿ ಒಂದೇ ಆಗಿರುವ ಕಡೆ ಅದು ಕಳಚಿದರೆ ಆಧಾರವೇ ಇಲ್ಲ. ಹೊರಡುವ ಮುನ್ನ ಪ್ರತಿಸಲವೂ ಗಾಡಿಯ ಮುಂಭಾಗವನ್ನು ಎತ್ತಿ ಗಾಲಿಯನ್ನು ಹಿಡಿದೆಳೆದು ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಪಟ್ಟಣದ ನಂಟರು ಕೊಡುವ ಹಳೆಯ ಗಾಡಿಗೂ ಈ ಪರೀಕ್ಷೆಗಳೆಲ್ಲ ಅನ್ವಯಿಸುವುವು. ಚೌಕಟ್ಟಿನಲ್ಲಿ ಬಿರುಕು, ಪಟ್ಟಿಯಲ್ಲಿ ಹರಕು, ಕೊಂಡಿಯಲ್ಲಿ ಸಡಿಲ ಕಂಡರೆ ದಾಕ್ಷಿಣ್ಯಕ್ಕೆ ಒಳಗಾಗಬೇಡಿರಿ.

ಕೊಳ್ಳಬೇಕೆ, ಬೇಡವೆ?

ಒರಟು ನೆಲದ ಮೂರು ಗಾಲಿಯ ಗಾಡಿಗಳು ಬಹುಮಟ್ಟಿಗೆ 10ರಿಂದ 15 ಕಿಲೋ ತೂಗುವುವು. ಮಗುವನ್ನೂ ಚೀಲವನ್ನೂ ಇದನ್ನೂ ಹಿಡಿದು ಒಬ್ಬಳೇ ಬಸ್ಸನ್ನು ಹತ್ತುವುದು ತಾಯಿಗೆ ಅಸಾಧ್ಯವೆಂದೇ ಹೇಳಬೇಕು. ವಾರಕ್ಕೊಮ್ಮೆ ಬಸ್ಸಿನಲ್ಲಿ ಪೇಟೆಗೆ ಹೋಗುವುದಷ್ಟೇ ನಿಮ್ಮ ಓಡಾಟವಾದರೆ ಈ ಗಾಡಿ ನಿಮಗೆ ಬೇಡ. ಗಟ್ಟಿಯಾದ ಬಟ್ಟೆಯ ಜೋಲಿ ಸಾಕು. ಮನೆಯಿಂದ ಅಂಗನವಾಡಿಗೆ, ತೋಟಕ್ಕೆ, ಆರೋಗ್ಯ ಕೇಂದ್ರಕ್ಕೆ ದಿನವೂ ನಡೆದೇ ಹೋಗಬೇಕಾದವರಿಗೆ, ಸೊಂಟನೋವಿನ ಅಜ್ಜಿಯರು ಮಗುವನ್ನು ನೋಡಿಕೊಳ್ಳುವ ಮನೆಗಳಿಗೆ, ಅವಳಿ ಮಕ್ಕಳಿರುವವರಿಗೆ ಇದರಿಂದ ನಿಜವಾದ ಉಪಕಾರವುಂಟು.

ಬೆಳೆದರೂ ನಡೆಯಲಾರದ, ಕುಳಿತುಕೊಳ್ಳಲಾರದ ಮಕ್ಕಳುಳ್ಳ ಮನೆಗಳೂ ನಮ್ಮ ಹಳ್ಳಿಗಳಲ್ಲಿವೆ. ಅಂಥ ಮಗುವಿಗೆ ಅಂಗಡಿಯ ಸಾಮಾನ್ಯ ಗಾಡಿಯು ಬೆನ್ನಿಗೆ ಬೇಕಾದ ಆಧಾರವನ್ನು ಕೊಡಲಾರದು. ಅವರಿಗಾಗಿ ಬೇರೆ ಬಗೆಯ ಕುರ್ಚಿಗಳುಂಟು. ಕೇಂದ್ರ ಸರ್ಕಾರದ ಅಡಿಪ್ ಎಂಬ ಯೋಜನೆಯು 1981ರಿಂದ ನಡೆದುಬಂದಿರುವುದು. 1972ರಲ್ಲಿ ಸ್ಥಾಪಿತವಾದ ಕಾನ್‌ಪುರದ ಅಲಿಮ್ಕೋ ಸಂಸ್ಥೆಯು ಇಂಥ ಸಾಧನಗಳನ್ನು ತಯಾರಿಸುವುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿದರೆ ಅರ್ಜಿಯ ಕ್ರಮ ತಿಳಿಯುವುದು. ಕೈಯಿಂದ ಹಣ ಕೊಟ್ಟು ತಕ್ಕುದಲ್ಲದ ಗಾಡಿಯನ್ನು ಕೊಳ್ಳುವ ಮೊದಲು ತಾಯ್ತಂದೆಗಳು ಇದನ್ನು ಅವಶ್ಯವಾಗಿ ವಿಚಾರಿಸಬೇಕು.

ಉಳಿದವರು ಇಷ್ಟನ್ನು ಮಾಡಲಿ. ಮಗುವನ್ನು ಎತ್ತಿಕೊಂಡು ದಿನವೂ ನೀವು ನಡೆಯುವ ದಾರಿಯಲ್ಲಿ ಒಂದು ಸಲ ಬರಿಗೈಯಲ್ಲಿ ನಡೆದು ಬನ್ನಿರಿ. ಎಷ್ಟು ಕಲ್ಲು, ಎಷ್ಟು ಕೆಸರು, ಎಷ್ಟು ಇಳಿಜಾರು, ಎಲ್ಲಿ ನೀರು, ಎಲ್ಲಿ ಮುಳ್ಳು ಎಂಬುದನ್ನು ಗುರುತುಹಾಕಿಕೊಳ್ಳಿರಿ. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದವರನ್ನು ಬಣ್ಣದ ಬಟ್ಟೆಯಾಗಲಿ ಹೊಳೆಯುವ ಹಿಡಿಯಾಗಲಿ ಮರುಳುಮಾಡಲಾರದು.